ನಾಯಿ ರೇಸು: ಓಡುವವರು ಯಾರು, ಉಣ್ಣುವವರು ಯಾರು?

"ನಾನು ಬಾಜಿ ಕಟ್ಟುವವನಲ್ಲ. ಯಾವ ನಾಯಿ ಗೆದ್ದಿತು, ಯಾವುದು ಸೋತಿತು ಎಂದು ನೋಡುತ್ತೇನೆ, ಅಷ್ಟೆ. ಅದರಲ್ಲಿ ತಪ್ಪೇನು?"

ಇಂಗ್ಲೆಂಡಿನಲ್ಲಿ ಗ್ರೇಹೌಂಡ್ ನಾಯಿಗಳ ರೇಸಿನ ಫಲಿತಾಂಶ ಓದುವವರ ಮಾತಿದು. ಹಿಂದೆ ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುತ್ತಿದ್ದ ಅಂಕಿಗಳು ಇಂದು ಜೇಬಿನ ಫೋನಿಗೇ ಬರುತ್ತವೆ. ಓದುವವನದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಆ ಅಂಕಿಗಳು ಯಾರ ಲಾಭಕ್ಕಾಗಿ ಹುಟ್ಟುತ್ತವೆ ಎಂದು ಅವನು ಒಮ್ಮೆಯಾದರೂ ಕೇಳಬೇಡವೆ?

ಈ ರೇಸು ಅಲ್ಲಿ ಬೇರೂರಿದ ಕಾಲವನ್ನು ನೋಡಿರಿ. 1926ರ ಮೇ ತಿಂಗಳಲ್ಲಿ ಬ್ರಿಟನ್ನಿನ ಕಾರ್ಮಿಕರು ಸಾರ್ವತ್ರಿಕ ಮುಷ್ಕರ ಹೂಡಿದರು. ಒಂಬತ್ತು ದಿನಗಳಲ್ಲಿ ಅದು ಮುರಿದುಬಿತ್ತು. ಕಲ್ಲಿದ್ದಲ ಗಣಿಗಳ ಲಾಕೌಟು ಇನ್ನೂ ನಡೆದೇ ಇತ್ತು. ಅದೇ ಜುಲೈ 24ರಂದು, ಹತ್ತಿ ಗಿರಣಿಗಳ ಸೀಮೆಯಾದ ಮ್ಯಾಂಚೆಸ್ಟರಿನ ಬೆಲ್ ವ್ಯೂ ಮೈದಾನದಲ್ಲಿ ಮೊದಲ ರೇಸು ನಡೆಯಿತು. ಮುಂದೆ ಅಮೆರಿಕದಲ್ಲಿ ಕಂಡುಹಿಡಿದ ಯಂತ್ರದ ಮೊಲ, ಹಿಂದೆ ನಾಯಿಗಳು. ಮೊಲ ಸಿಗದಂತೆ ನೋಡಿಕೊಳ್ಳುವುದೇ ಯಂತ್ರ ನಡೆಸುವವನ ಕೆಲಸ! ಮುಷ್ಕರ ಮರೆಸಲೆಂದೇ ನಾಯಿಗಳನ್ನು ತಂದರೆಂದು ನಾವು ಆರೋಪಿಸುವುದಿಲ್ಲ. ಆದರೆ ಸೋತ ಜನರ ಸಂಜೆಗಳನ್ನು ಕೊಂಡುಕೊಳ್ಳಲು ಬಂಡವಾಳ ಎಷ್ಟು ಬೇಗ ಬಂದಿತು!

ಕೂಲಿಕಾರ ಅಲ್ಲಿಗೆ ಹೋದದ್ದೇಕೆ? ನೀತಿ ಹೇಳುವವರು ಚಟವೆಂದು ಮೂಗು ಮುರಿಯುತ್ತಾರೆ. 1906ರ ಕಾನೂನು ಬೀದಿಯಲ್ಲಿ ಬಾಜಿ ಕಟ್ಟುವುದನ್ನು ಅಪರಾಧವೆಂದಿತು. ಆದರೆ ಬುಕ್ಕಿಯ ಬಳಿ ಸಾಲದ ಖಾತೆ ತೆರೆದು ಟೆಲಿಫೋನಿನಲ್ಲೇ ಕುದುರೆಗೆ ಬಾಜಿ ಕಟ್ಟುವ ಸಾಹುಕಾರನಿಗೆ ಅಡ್ಡಿಯಿರಲಿಲ್ಲ. ಕುದುರೆ ರೇಸು ಹಗಲು ಹೊತ್ತಿನದು. ನಾಯಿ ರೇಸು ಸಂಜೆ, ಕೆಲಸ ಬಿಟ್ಟ ಮೇಲೆ, ಊರೊಳಗೇ. ಜನ ಹೋದರು. 1946ರ ಒಂದೇ ವರ್ಷದಲ್ಲಿ ಮೂರು ಕೋಟಿಗೂ ಮಿಕ್ಕಿ ಟಿಕೀಟುಗಳು ಮಾರಾಟವಾದವು. ಮರುವರ್ಷ ಲೇಬರ್ ಸರ್ಕಾರವೇ ನಾಯಿ ರೇಸಿನ ಟೋಟಿಗೆ, ಅಂದರೆ ಎಲ್ಲರ ಬಾಜಿ ಹಣ ಕೂಡಿಸಿ ಗೆದ್ದವರಿಗೆ ಹಂಚುವ ವ್ಯವಸ್ಥೆಗೆ, ನೂರಕ್ಕೆ ಹತ್ತರಂತೆ ತೆರಿಗೆ ಗೊತ್ತುಮಾಡಿತು. ಕುದುರೆ ರೇಸಿನ ಟೋಟಿಗೆ ಮಾತ್ರ ವಿನಾಯಿತಿ! ಧಣಿಯ ಜೂಜು ಕ್ರೀಡೆ, ಕೂಲಿಕಾರನ ಜೂಜು ಪಾಪ. ಇದು ಯಾವ ಊರಿನ ಸಮಾಜವಾದ?

ಅಂಗಡಿಕಾರ ಮಿತ್ರರಿಗೆ ಲೆಕ್ಕ ಹೇಳಿಕೊಡಬೇಕಿಲ್ಲ. ಕೂಡಿದ ಹಣದಲ್ಲಿ ಮೈದಾನದ ಒಡೆಯ ಪ್ರತಿ ರೇಸಿಗೂ ನೂರಕ್ಕೆ ಆರು ಹಿಡಿದನೆನ್ನೋಣ. ನೂರು ರೂಪಾಯಿ ಎಂಟು ರೇಸು ಸುತ್ತಿ ಬರುವಷ್ಟರಲ್ಲಿ ಉಳಿಯುವುದು ಸುಮಾರು 61. ಯಾವ ನಾಯಿಯೇ ಗೆಲ್ಲಲಿ, ಮಿಕ್ಕ 39 ಒಡೆಯನ ಗಲ್ಲಾ ಪೆಟ್ಟಿಗೆಗೆ.

ಇನ್ನು ಬರಿಯ ಫಲಿತಾಂಶ ನೋಡುವವನ ಮಾತು. 1961ರ ಮೇ ತಿಂಗಳಿಂದ ಬ್ರಿಟನ್ನಿನ ಬೀದಿಗಳಲ್ಲಿ ಬಾಜಿಯ ಅಂಗಡಿಗಳು ಕಾನೂನಿನ ಒಪ್ಪಿಗೆಯಿಂದಲೇ ತೆರೆದವು. 1967ರಿಂದ ಆ ಅಂಗಡಿಗಳಿಗಾಗಿ ಬುಕ್ಕಿಗಳೇ ಹಣ ಕೊಟ್ಟು ಮಧ್ಯಾಹ್ನದ ರೇಸುಗಳನ್ನು ಏರ್ಪಡಿಸತೊಡಗಿದರು. ಮೈದಾನದಲ್ಲಿ ನೋಡುವವರಿಲ್ಲದಿದ್ದರೂ ನಾಯಿಗಳು ಓಡಬೇಕು! ಅಂದಮೇಲೆ ಓಟಕ್ಕಾಗಿ ಫಲಿತಾಂಶವಲ್ಲ, ಫಲಿತಾಂಶಕ್ಕಾಗಿ ಓಟ. ಅದೇ ಅವರ ಸರಕು. ಬಿಟ್ಟಿಯಾಗಿ ನೋಡುವವನು ನಾಳಿನ ಗಿರಾಕಿ. ಯಾವ ನಾಯಿ ಯಾವ ಪೆಟ್ಟಿಗೆಯಿಂದ ಹೊರಟಿತು, ತಿರುವಿನಲ್ಲಿ ಎಷ್ಟು ಹಿಂದೆ ಬಿದ್ದಿತು, ಎಷ್ಟು ಸೆಕೆಂಡಿನಲ್ಲಿ ಮುಟ್ಟಿತು, ಎಲ್ಲವೂ ಅವನಿಗೆ ಬಾಯಿಪಾಠ. ಇಷ್ಟು ಲೆಕ್ಕ ಬಲ್ಲವನು ತನ್ನ ಕೂಲಿಯ ಚೀಟಿಯನ್ನೂ ಕಂಪನಿಯ ಲಾಭದ ಪಟ್ಟಿಯನ್ನೂ ಹೀಗೆಯೇ ಓದಿದ್ದರೆ!

ಫಲಿತಾಂಶದ ಪಟ್ಟಿಯಲ್ಲಿ ಅಚ್ಚಾಗದ ಸಂಗತಿಯೊಂದಿದೆ. ಓಡಲಾರದ ನಾಯಿ ಎಲ್ಲಿ ಹೋಯಿತು? ಇಂಗ್ಲೆಂಡಿನ ಸೀಹ್ಯಾಮ್ ಎಂಬಲ್ಲಿ ಒಂದಕ್ಕೆ ಹತ್ತು ಪೌಂಡಿನಂತೆ ಹಣ ಪಡೆದು ಅಂಥ ನಾಯಿಗಳನ್ನು ಕೊಂದು ಹೂಳುತ್ತಿದ್ದುದನ್ನು 2006ರಲ್ಲಿ ಪತ್ರಿಕೆಯೊಂದು ಬಯಲಿಗೆಳೆಯಿತು. ದುಡಿಯುವಷ್ಟು ದಿನ ಮೇವು, ದುಡಿಯಲಾರದ ದಿನ ಗುಂಡಿ. ರಿಟ್ರೆಂಚ್‌ಮೆಂಟಿನ ನೋಟೀಸು ಕಂಡ ಗಿರಣಿ ಕೆಲಸಗಾರನಿಗೆ ಇದನ್ನು ಬಿಡಿಸಿ ಹೇಳಬೇಕೆ?

ದೂರದ ಕಥೆಯೆಂದು ತಳ್ಳಿಹಾಕಬೇಡಿರಿ. ಮುಂಬಯಿಯಲ್ಲಿ ನ್ಯೂಯಾರ್ಕಿನ ಹತ್ತಿ ದರದ ಅಂಕಿಗಳ ಮೇಲೆ ಜೂಜು ನಡೆಯುತ್ತಿತ್ತು. 1961ರಲ್ಲಿ ಆ ಅಂಕಿಗಳು ಬರುವುದು ನಿಂತಿತು. ಜೂಜು ನಿಂತಿತೆ? ಮಡಕೆಯಿಂದ ಚೀಟಿ ಎತ್ತಿ ಅಂಕಿಗಳನ್ನು ಹುಟ್ಟಿಸಿದರು. ಅದೇ ಮಟ್ಕಾ, ನಮ್ಮ ಓಸಿ. ಹತ್ತಿ ನೂತ ಕೈಗಳೇ ಅದಕ್ಕೆ ಕೂಲಿಯನ್ನು ತೆತ್ತವು. ನಾಯಿಯೂ ಬೇಡ, ಹತ್ತಿಯೂ ಬೇಡ. ಅಂಕಿಯೊಂದಿದ್ದರೆ ಸಾಕು, ಬಡವನ ಜೇಬು ಬರಿದು.

ಬೆಲ್ ವ್ಯೂ 2020ರಲ್ಲಿ ಮುಚ್ಚಿತು. ನಾಯಿ ರೇಸನ್ನೇ ನಿಷೇಧಿಸುವುದಾಗಿ ವೇಲ್ಸಿನ ಸರ್ಕಾರ 2025ರಲ್ಲಿ ಸಾರಿತು. ಒಳ್ಳೆಯದೇ. ಆದರೆ ನಿಷೇಧವೊಂದೇ ಸಾಲದು. ದುಡಿದು ಬಂದವನಿಗೆ ವಿನೋದ ಬೇಕು. ಅದು ಅವನ ಹಕ್ಕು. ಆಟದ ಬಯಲು, ಗರಡಿಮನೆ, ವಾಚನಾಲಯ, ಅವನ್ನು ಅನುಭವಿಸಲು ಬಿಡುವು, ಇವುಗಳಿಗಾಗಿ ಹೋರಾಡೋಣ. ಸಿಗದ ಮೊಲದ ಹಿಂದೆ ನಾಯಿ ಓಡಲಿ ಬಿಡಲಿ, ಮನುಷ್ಯ ಓಡಬಾರದು.