ಸಂಶೋಧನೆಗೂ ನಮ್ಮ ಕಾಣಿಕೆ ಸಲ್ಲಲಿ

ಫೆಬ್ರವರಿ 15ನೇ ತಾರೀಕು ಮಕ್ಕಳ ಕ್ಯಾನ್ಸರ್ ದಿನವೆಂದು ಅನೇಕ ದೇಶಗಳಲ್ಲಿ ಆಚರಿಸಲ್ಪಡುತ್ತದೆ. ಈ ಸಂದರ್ಭದಲ್ಲಿ ಅಮೇರಿಕದ ಓರ್ವ ತರುಣಿಯ ವೃತ್ತಾಂತವನ್ನು ವಾಚಕರ ಮುಂದಿಡಬಯಸುತ್ತೇವೆ. ಹೇಲಿ ಆರ್ಸೆನೋ ಎಂಬಾಕೆಗೆ ಹತ್ತನೆಯ ವಯಸ್ಸಿನಲ್ಲಿ ಕಾಲಿನ ಎಲುಬಿನ ಕ್ಯಾನ್ಸರ್ ತಗಲಿತು. ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಗುಣಹೊಂದಿದ ಆಕೆ, ಮುಂದೆ ಅಲ್ಲಿಯೇ ವೈದ್ಯರ ಸಹಾಯಕಿಯಾಗಿ ರೋಗಿ ಮಕ್ಕಳ ಸೇವೆಗೆ ನಿಂತಳು. 2021ರ ಸೆಪ್ಟೆಂಬರಿನಲ್ಲಿ ಇತರ ಮೂವರೊಡನೆ ಅಂತರಿಕ್ಷಯಾನ ಕೈಗೊಂಡಳು. ಆ ಯಾನದ ಮೂಲಕ ಆಸ್ಪತ್ರೆಗೆ 20 ಕೋಟಿ ಡಾಲರಿಗೂ ಮಿಕ್ಕಿ ಧನ ಸಂಗ್ರಹವಾಯಿತು.

“ಅದು ಕೋಟ್ಯಧೀಶರ ದೇಶ, ನಸುಕಿನಲ್ಲಿ ಒಲೆ ಹೊತ್ತಿಸುವ ನಮಗೂ ಅದಕ್ಕೂ ಏನು ಸಂಬಂಧ?” ಎಂದು ಕೋಡಂಬಾಕ್ಕಮಿನ ನಮ್ಮ ಹೋಟೆಲು ಬಂಧುಗಳು ಕೇಳಬಹುದು. ಉತ್ತರವು ಇಲ್ಲಿಂದ ಕೆಲವೇ ಮೈಲು ದೂರದ ಅಡ್ಯಾರಿನಲ್ಲಿದೆ.

1923ರಲ್ಲಿ ಸೋದರಿಯನ್ನು ಈ ರೋಗಕ್ಕೆ ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಆ ದುಃಖವನ್ನು ಮರೆಯಲಿಲ್ಲ. ಅವರ ಪ್ರಯತ್ನದಿಂದ 1952ರಲ್ಲಿ ಪಂಡಿತ ನೆಹರೂರವರ ಹಸ್ತದಿಂದ ಶಂಕುಸ್ಥಾಪನೆಯಾಗಿ, 1954ರಲ್ಲಿ ಕೇವಲ 12 ಹಾಸಿಗೆಗಳೊಡನೆ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ತೆರೆಯಿತು. ಅವರ ಪುತ್ರ ಡಾ. ಕೃಷ್ಣಮೂರ್ತಿಯವರೂ, 1955ರಲ್ಲಿ ಸೇರಿ 2021ರಲ್ಲಿ ನಿಧನರಾಗುವವರೆಗೆ ದುಡಿದ ಡಾ. ವಿ. ಶಾಂತಾ ಅವರೂ ಅದನ್ನು ಬೆಳೆಸಿದರು.

ಸಂಶೋಧನೆಯೆಂದರೆ ಹೊಸ ಔಷಧ ಕಂಡುಹಿಡಿಯುವುದು ಮಾತ್ರವಲ್ಲ. ಅಕ್ಕಿ ಉದ್ದು ಎಲ್ಲರ ಬಳಿಯೂ ಇರುತ್ತದೆ. ಹದ ಬಲ್ಲವನ ಇಡ್ಲಿಯೇ ಇಡ್ಲಿ. ರಕ್ತದ ಕ್ಯಾನ್ಸರಿಗೂ ಔಷಧಗಳಿದ್ದವು. ಯಾವುದನ್ನು, ಎಷ್ಟು, ಯಾವ ಕ್ರಮದಲ್ಲಿ ಕೊಡಬೇಕೆಂಬುದೇ ಪ್ರಶ್ನೆ. 1980ರ ದಶಕದಿಂದ ಅಡ್ಯಾರ್, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ದೆಹಲಿಯ ಏಮ್ಸ್ ಇವು ಮೂರೂ ಎಂ.ಸಿ.ಪಿ. 841 ಎಂಬ ಒಂದೇ ಚಿಕಿತ್ಸಾಕ್ರಮವನ್ನು ಅನುಸರಿಸಿ, ಫಲಿತಾಂಶಗಳನ್ನು ವರ್ಷಾನುವರ್ಷ ಲೆಕ್ಕವಿಟ್ಟವು. ಬದುಕಿ ಮನೆಗೆ ಮರಳುವ ಮಕ್ಕಳ ಪ್ರಮಾಣ ಗಣನೀಯವಾಗಿ ಏರಿತು. ಈ ಲೆಕ್ಕ ಬರೆಯುವುದಕ್ಕೂ ಹಣ ಬೇಕು. ಅದನ್ನು ಕೊಡುವವರು ವಿರಳ.

ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಬಲ್ಲ ನಾವು ಒಂದು ಮಾತು ಹೇಳುತ್ತೇವೆ. ರೋಗಿ ಮಗುವಿನ ಭಾವಚಿತ್ರ ಹಿಡಿದು ಬಂದವರಿಗೆ ನಾವು ಕೊಡುತ್ತೇವೆ. ಕೊಟ್ಟ ಹಣ ಎಲ್ಲಿಗೆ ಹೋಯಿತೆಂದು ಕೇಳುವುದಿಲ್ಲ. ಆ ಕರುಣೆ ನಿಲ್ಲಬೇಕಾಗಿಲ್ಲ. ಅದಕ್ಕೊಂದು ದಾರಿ ಬೇಕು. ಪ್ರತಿಯೊಬ್ಬನೂ ತಿಂಗಳಿಗೆ ಒಂದು ಕಾಫಿಯ ಬೆಲೆ ಎತ್ತಿಡಲಿ. ಕಾರಕೂನ ಬಂಧುಗಳು ಲೆಕ್ಕ ಬರೆಯಲಿ. ಮಾಲಿಕರು ಅಷ್ಟೇ ಮೊತ್ತ ಕೂಡಿಸಲಿ. ಹಣವನ್ನು ನೇರ ಆಸ್ಪತ್ರೆಗೆ ಸಲ್ಲಿಸಿ, ಸಂಶೋಧನೆಗೆಂದು ನಮೂದಿಸಿ, ರಸೀದಿಯನ್ನು ಗೋಡೆಗೆ ಅಂಟಿಸಲಿ.

ಇನ್ನೊಂದು ಕರ್ತವ್ಯಕ್ಕೆ ಕಾಸೂ ಬೇಡ. ನಮ್ಮಲ್ಲಿ ಬಹುಮಂದಿಯ ಹೆಂಡತಿ ಮಕ್ಕಳು ಊರಿನಲ್ಲಿದ್ದಾರೆ. ಮಗುವಿಗೆ ಬಿಡದ ಜ್ವರ, ಮೈ ಬಿಳಿಚುವುದು, ವಸಡಿನಲ್ಲಿ ರಕ್ತ, ಕರಗದ ಗಂಟು, ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ, ದೃಷ್ಟಿ ತೆಗೆಸುತ್ತ ದಿನ ಕಳೆಯದೆ ವೈದ್ಯರಲ್ಲಿಗೆ ಒಯ್ಯಿರೆಂದು ಇಂದೇ ತಿಳಿಸಿರಿ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಆಸ್ಪತ್ರೆಯಿದೆ. ಗುಣವಾದ ಮಗು ನಾಳೆ ಮತ್ತೊಬ್ಬರ ಹಾಸಿಗೆಯ ಬಳಿ ನಿಲ್ಲಬಲ್ಲುದು. ತಡವಾದರೆ ಆ ಅವಕಾಶವೇ ಇಲ್ಲ.