ಆಗುಂಬೆ ಮಾಲ್ಗುಡಿಯಾದಾಗ

ಶಿವಮೊಗ್ಗದಿಂದ ತೀರ್ಥಹಳ್ಳಿ ದಾಟಿ ಆಗುಂಬೆಗೆ ಹೋಗುವವರಲ್ಲಿ ಎರಡು ಬಗೆಯ ಜನರಿದ್ದಾರೆ. ಮೊದಲನೆಯವರು ಸೂರ್ಯಾಸ್ತ ನೋಡಲು ಹೋಗುವವರು. ಮೋಡ ಕವಿದಿದ್ದರೆ ಇವರು ಗೊಣಗುತ್ತಾ ಹಿಂತಿರುಗುತ್ತಾರೆ. ಎರಡನೆಯವರಿಗೆ ಮೋಡದ ಚಿಂತೆಯೇ ಇಲ್ಲ. ಬಸ್ಸಿನಿಂದ ಇಳಿದವರೇ ‘ಸ್ವಾಮಿಯ ಮನೆ ಎಲ್ಲಿ?’ ಎಂದು ಕೇಳುತ್ತಾರೆ. ಊರಿನವರೂ ಯಾವ ಸ್ವಾಮಿ ಎಂದು ಮರುಪ್ರಶ್ನೆ ಹಾಕದೆ ದೊಡ್ಡಮನೆಯ ಕಡೆ ಕೈ ತೋರಿಸುತ್ತಾರೆ. ಕಥೆಯಲ್ಲಿ ಮಾತ್ರ ಇದ್ದ ಒಬ್ಬ ಹುಡುಗನಿಗೆ ನಮ್ಮ ಜಿಲ್ಲೆಯಲ್ಲಿ ಹೀಗೊಂದು ಖಾಯಂ ವಿಳಾಸ ಸಿಕ್ಕಿದೆ!

ಆ ಹುಡುಗನನ್ನು ಸೃಷ್ಟಿಸಿದವರು ಮೈಸೂರಿನ ಆರ್.ಕೆ. ನಾರಾಯಣ್. 1930ರ ವಿಜಯದಶಮಿಯ ದಿನ ಬೆಂಗಳೂರಿನಲ್ಲಿ ಬರೆಯಲು ಕುಳಿತಾಗ ಅವರ ಮನಸ್ಸಿನಲ್ಲಿ ಮೊದಲು ಮೂಡಿದ್ದು ಒಂದು ಪುಟ್ಟ ರೈಲು ನಿಲ್ದಾಣ, ಅದರ ಜೊತೆಗೇ ಮಾಲ್ಗುಡಿ ಎಂಬ ಹೆಸರು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿ 1935ರಲ್ಲಿ ಪ್ರಕಟವಾಯಿತು. ಅದಾಗಿ ಅರ್ಧ ಶತಮಾನದ ನಂತರ, 1986ರಲ್ಲಿ, ‘ಮಾಲ್ಗುಡಿ ಡೇಸ್’ ಎಂಬ ಹೆಸರಿನಲ್ಲಿ ಆ ಊರು ದೂರದರ್ಶನದ ಪರದೆಗೆ ಬಂತು. ಟಿ.ಎಸ್. ನರಸಿಂಹನ್ ನಿರ್ಮಾಪಕರು, ನಮ್ಮ ಶಂಕರ್ ನಾಗ್ ನಿರ್ದೇಶಕರು. ಒಟ್ಟು 39 ಕಂತುಗಳು. ಎಲ್. ವೈದ್ಯನಾಥನ್ ಅವರ ಸಂಗೀತ, ಶೀರ್ಷಿಕೆಗೆ ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು. ಸ್ವಾಮಿಯ ಪಾತ್ರದಲ್ಲಿ ಮಾಸ್ಟರ್ ಮಂಜುನಾಥ್. ಸ್ವಾಮಿಯ ಕಂತುಗಳೇ ‘ಸ್ವಾಮಿ’ ಎಂಬ ಚಲನಚಿತ್ರವೂ ಆದವು. 1987ನೆಯ ಸಾಲಿನ ರಾಷ್ಟ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ಬಾಲನಟ ಪ್ರಶಸ್ತಿ ಈ ಚಿತ್ರಕ್ಕಾಗಿ ಮಂಜುನಾಥ್ ಅವರ ಪಾಲಾಯಿತು.

ಈಗ ಮಂಜುನಾಥ್ ನಡುವಯಸ್ಸಿನ ಗೃಹಸ್ಥರು. ಆದರೂ ಅವರು ಎಲ್ಲಿಗೇ ಹೋಗಲಿ, ಮಾತು ಆಗುಂಬೆಗೇ ಬಂದು ನಿಲ್ಲುತ್ತದೆ. ಅವರ ನೆನಪುಗಳಲ್ಲಿ ಮತ್ತೆ ಮತ್ತೆ ಬರುವುದು ಎರಡು ಸಂಗತಿಗಳು. ಒಂದು, ಚಿತ್ರೀಕರಣದಲ್ಲಿ ಇಡೀ ಊರಿಗೆ ಊರೇ ಪಾಲುಗೊಂಡದ್ದು. ಇನ್ನೊಂದು, ತಮಗೆ ಗುರುವಾಗಿ ನಿಂತ ಶಂಕರ್ ನಾಗ್. ತಾವು ಕಲ್ಪಿಸಿಕೊಂಡಿದ್ದ ಸ್ವಾಮಿ ಹೀಗೆಯೇ ಇದ್ದ ಎಂಬ ಅರ್ಥದ ಮಾತನ್ನು ಸ್ವತಃ ನಾರಾಯಣ್ ತಮಗೆ ಹೇಳಿದ್ದನ್ನೂ ಅವರು ಸಂತೋಷದಿಂದ ನೆನೆಯುತ್ತಾರೆ. ನಟನೊಬ್ಬನಿಗೆ ಸಿಗಬಹುದಾದ ಪ್ರಶಸ್ತಿಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದಿದ್ದೀತು?

ನಾರಾಯಣರ ಬಾಯಿಂದ ಇಂಥ ಮಾತು ಬಂದದ್ದಕ್ಕೆ ಹೆಚ್ಚಿನ ಬೆಲೆಯಿದೆ, ಏಕೆಂದರೆ ಅವರು ಸಿನಿಮಾದವರಿಂದ ನೊಂದವರು. ಅವರ ‘ಗೈಡ್’ ಕಾದಂಬರಿ 1965ರಲ್ಲಿ ಹಿಂದಿ ಚಿತ್ರವಾಗಿ ದೇಶದಲ್ಲೆಲ್ಲ ಹೆಸರು ಮಾಡಿತು. ಆದರೆ ಬರೆದವರಿಗೆ ಸಮಾಧಾನವಾಗಲಿಲ್ಲ. ಚಿತ್ರತಂಡದವರನ್ನು ಅವರು ಮೈಸೂರಿನ ಸುತ್ತಮುತ್ತ ಕರೆದೊಯ್ದು ತಮ್ಮ ಕಥೆ ನಡೆಯುವ ಹೊಳೆ, ಗುಡಿ, ಬೆಟ್ಟಗಳನ್ನು ತೋರಿಸಿದ್ದರು. ತಂಡ ಎಲ್ಲವನ್ನೂ ನೋಡಿ, ಮೆಚ್ಚಿ, ಕೊನೆಗೆ ಹೋಗಿ ಚಿತ್ರೀಕರಿಸಿದ್ದು ಉತ್ತರದ ಅರಮನೆಗಳ ಊರಿನಲ್ಲಿ! ಮಾಲ್ಗುಡಿಯ ಬಡ ಪೇಟೆಬೀದಿಗೆ ಅಲ್ಲಿ ಜಾಗವೇ ಇರಲಿಲ್ಲ. ಈ ಅನುಭವವನ್ನು ನಾರಾಯಣ್ ನಗುತ್ತಲೇ ಚುಚ್ಚುವ ಒಂದು ಪ್ರಬಂಧದಲ್ಲಿ ಬರೆದಿದ್ದಾರೆ.

ಹೀಗೆ ಊರು ಕಳೆದುಕೊಂಡಿದ್ದ ಲೇಖಕನಿಗೆ ಶಂಕರ್ ನಾಗ್ ಊರನ್ನು ಹುಡುಕಿಕೊಟ್ಟರು. ಆ ಕಾಲಕ್ಕೆ ಮೈಸೂರು, ಬೆಂಗಳೂರುಗಳಲ್ಲಿ 1930ರ ದಶಕದ ಬೀದಿ ಉಳಿದಿರಲಿಲ್ಲ. ಆಗುಂಬೆಯಲ್ಲಿ ಉಳಿದಿತ್ತು. ಹೆಂಚಿನ ಮನೆಗಳು, ಜಗಲಿ, ಮರದ ಕಂಬ, ನಡುವೆ ಅಂಗಳ, ಒಂದೇ ನೋಟಕ್ಕೆ ಮುಗಿದುಹೋಗುವ ಪೇಟೆ. ಕಲಾ ನಿರ್ದೇಶಕ ಜಾನ್ ದೇವರಾಜ್ ಈ ಊರನ್ನು ಮಾಲ್ಗುಡಿಯಾಗಿ ಸಿಂಗರಿಸಿದರು. ದೊಡ್ಡಮನೆ ಸ್ವಾಮಿಯ ಮನೆಯಾಯಿತು. ಬಂದವರಿಗೆ ಊಟ ಹಾಕಿ, ಇಂತಿಷ್ಟೇ ಕೊಡಿ ಎಂದು ಕೇಳದ ಮನೆ ಎಂದೇ ಅದು ಹೆಸರಾದದ್ದು. ಅಂಥ ಮನೆಯ ಜಗಲಿಯಲ್ಲಿ ಒಬ್ಬ ಹುಡುಗ ಓಡಾಡಿದರೆ ಅದು ನಟನೆಯಂತೆ ಕಾಣದಿದ್ದರೆ ಆಶ್ಚರ್ಯವೇನು?

ಆಗುಂಬೆಯನ್ನು ಆರಿಸಿಕೊಳ್ಳುವುದು ಸುಲಭದ ನಿರ್ಧಾರವಾಗಿರಲಿಲ್ಲ ಎನ್ನುವುದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರದು. ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಘಟ್ಟಕ್ಕೆ ತಡೆದು ಮೇಲೇರಿ, ತಣಿದು, ಅಲ್ಲೇ ಇಳಿದುಬಿಡುತ್ತವೆ. ಜೂನ್ ಬಂತೆಂದರೆ ಕ್ಯಾಮೆರಾ ಹಾಗಿರಲಿ, ಒಗೆದ ಬಟ್ಟೆಯನ್ನು ಹೊರಗಿಡುವಂತಿಲ್ಲ. ಇಂಥ ಕಡೆ ದೊಡ್ಡ ತಂಡವೊಂದು ಬೀಡುಬಿಟ್ಟು ಕೆಲಸ ಮಾಡಬೇಕಾದರೆ ಊರಿನವರ ನೆರವಿಲ್ಲದೆ ಒಂದು ದಿನವೂ ಸಾಗದು. ‘ಊರಿಗೆ ಊರೇ ಪಾಲುಗೊಂಡಿತು’ ಎಂಬ ಮಂಜುನಾಥ್ ಅವರ ನೆನಪಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಮನೆ ಕೊಟ್ಟವರು ಅವರು, ಜಾಗ ಕೊಟ್ಟವರು ಅವರು, ಕ್ಯಾಮೆರಾದ ಮುಂದೆ ಜನಜಂಗುಳಿಯಾಗಿ ನಡೆದವರೂ ಅವರೇ.

ಆ ಹುಡುಗನ ಸುತ್ತ ಇದ್ದ ಹಿರಿಯರನ್ನು ಗಮನಿಸಿ. ತಂದೆಯ ಪಾತ್ರದಲ್ಲಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ವೈಶಾಲಿಯವರು ನಮ್ಮ ತೀರ್ಥಹಳ್ಳಿ ಸೀಮೆಯ ಸೊಸೆ, ನಿರ್ದೇಶಕ ಗಿರೀಶ್ ಕಾಸರವಳ್ಳಿಯವರ ಪತ್ನಿ. ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ಚಿತ್ರದಲ್ಲಿ ಶಂಕರ್ ನಾಗ್ ಅವರನ್ನು ಕನ್ನಡ ಪರದೆಗೆ ತಂದವರು. ಆ ಪಾತ್ರಕ್ಕೆ ಶಂಕರ್ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಎನಿಸಿಕೊಂಡರು. ಎಂಟು ವರ್ಷ ಕಳೆಯುವುದರೊಳಗೆ ಶಿಷ್ಯನೇ ನಿರ್ದೇಶಕ, ಗುರುವೇ ನಟ! ಬೇರೆ ಕಂತುಗಳಲ್ಲಿ ಅಣ್ಣ ಅನಂತ್ ನಾಗ್ ಇದ್ದರು, ವಿಷ್ಣುವರ್ಧನ್ ಕೂಡ ಒಂದು ಕಥೆಯಲ್ಲಿ ಬಂದುಹೋದರು. ಇಷ್ಟು ದೊಡ್ಡವರ ನಡುವೆ ಹತ್ತರ ಆಸುಪಾಸಿನ ಒಬ್ಬ ಹುಡುಗ ಹೆದರಿ ಮುದುಡಿಕೊಳ್ಳದೆ ತನ್ನ ಪಾಡಿಗೆ ತಾನು ಸ್ವಾಮಿಯಾಗಿಯೇ ಇದ್ದನಲ್ಲ, ಅದರ ಅರ್ಧ ಪುಣ್ಯ ಆ ಹಿರಿಯರಿಗೂ ಸೇರಬೇಕು.

ಶಾಲೆಯ ಮಕ್ಕಳಿಗೂ ಅವರ ತಂದೆತಾಯಿಗೂ ಈ ಕಥೆಯ ಒಂದು ಪ್ರಸಂಗವನ್ನು ನೆನಪಿಸದೆ ಮುಂದೆ ಹೋಗಲು ಮನಸ್ಸಾಗದು. ಬೇಸಿಗೆ ರಜೆ. ತಂದೆ ಸ್ವಾಮಿಯನ್ನು ಎದುರಿಗೆ ಕೂರಿಸಿಕೊಂಡು ಲೆಕ್ಕ ಕೊಡುತ್ತಾರೆ. ರಾಮನ ಬಳಿ ಹತ್ತು ಮಾವಿನಹಣ್ಣುಗಳಿವೆ, ಅವುಗಳಿಂದ ಅವನಿಗೆ ಹದಿನೈದು ಆಣೆ ಬರಬೇಕು. ಕೃಷ್ಣನಿಗೆ ಬೇಕಾದದ್ದು ನಾಲ್ಕೇ ಹಣ್ಣು. ಅವನು ಎಷ್ಟು ಕೊಡಬೇಕು? ಸ್ವಾಮಿಗೆ ಹುಟ್ಟುವ ಮೊದಲ ಸಂದೇಹ, ಹಣ್ಣು ಮಾಗಿವೆಯೋ ಇಲ್ಲವೋ! ತಂದೆಗೆ ಸಿಟ್ಟು, ಮಗನಿಗೆ ಕಣ್ಣೀರು. ಉತ್ತರ ಆರು ಆಣೆ ಎಂಬುದು ನಮಗೆಲ್ಲ ಗೊತ್ತು. ಆದರೆ ಸಂತೆಯಲ್ಲಿ ಹಣ್ಣು ಕೊಳ್ಳುವ ಯಾರೇ ಆಗಲಿ ಮೊದಲು ಕೇಳುವುದು ಸ್ವಾಮಿ ಕೇಳಿದ ಪ್ರಶ್ನೆಯನ್ನೇ ಅಲ್ಲವೇ? ತಂದೆಯ ಲೆಕ್ಕ ಸರಿ, ಮಗನ ಪ್ರಶ್ನೆಯೂ ಸರಿ. ಎಷ್ಟೋ ಮನೆಗಳಲ್ಲಿ ಪ್ರತಿ ಸಂಜೆ ನಡೆಯುವ ಕದನ ಇದೇ. ನಾರಾಯಣ್ ಯಾರ ಪರವಾಗಿಯೂ ತೀರ್ಪು ಕೊಡುವುದಿಲ್ಲ. ಇಬ್ಬರ ಮೇಲೂ ನಮಗೆ ಪ್ರೀತಿ ಹುಟ್ಟುವಂತೆ ಬರೆದು ಸುಮ್ಮನಾಗುತ್ತಾರೆ.

ತೆರೆಯ ಮೇಲಿನ ಸ್ವಾಮಿಗೆ ಪರೀಕ್ಷೆಯೆಂದರೆ ಭಯ. ಆ ಪಾತ್ರ ಮಾಡಿದ ಹುಡುಗನ ಬಾಳಿನಲ್ಲಿ ಆದದ್ದು ಇದಕ್ಕೆ ತಿರುವುಮುರುವು. ಮಂಜುನಾಥ್ ಮೂರನೆಯ ವಯಸ್ಸಿಗೇ ಕ್ಯಾಮೆರಾ ಕಂಡವರು. ‘ಸ್ವಾಮಿ’ಯ ನಂತರ 1990ರಲ್ಲಿ ‘ಅಗ್ನಿಪಥ್’ ಹಿಂದಿ ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಅವರ ಬಾಲ್ಯದ ಪಾತ್ರ ಮಾಡಿ ದೇಶದ ಗಮನ ಸೆಳೆದರು. ಮುಂದೆ ನಾಯಕನಾಗುವುದಷ್ಟೇ ಬಾಕಿ ಎಂದು ಎಲ್ಲರೂ ತಿಳಿದಿದ್ದಾಗ, ಹತ್ತೊಂಬತ್ತರ ವಯಸ್ಸಿನಲ್ಲಿ ಬಣ್ಣ ಕಳಚಿಟ್ಟು ಓದಿಗೆ ಹೊರಟರು. ಆಮೇಲೆ ಬೆಂಗಳೂರಿನಲ್ಲಿ ಸಾರ್ವಜನಿಕ ಸಂಪರ್ಕದ ವೃತ್ತಿ ಹಿಡಿದರು. ಚಪ್ಪಾಳೆಯ ರುಚಿ ಕಂಡ ಹುಡುಗನಿಗೆ ಇದು ಸಣ್ಣ ತ್ಯಾಗವಲ್ಲ. ಆದರೆ ಅವರ ಮಾತುಗಳಲ್ಲಿ ಕಹಿಯಿಲ್ಲ. ಬಿಟ್ಟುಬಂದದ್ದನ್ನು ಹಂಬಲಿಸದೆ, ಪಡೆದದ್ದನ್ನು ಪ್ರೀತಿಯಿಂದ ನೆನೆಯುವ ಗುಣ ಅದು.

ಇದನ್ನು ಇಂದಿನ ಪಾಲಕರು ಸ್ವಲ್ಪ ನಿಂತು ಯೋಚಿಸಬೇಕು. ಕಿರುತೆರೆಯ ಹಾಡು, ಕುಣಿತ, ನಟನೆಯ ಸ್ಪರ್ಧೆಗಳಿಗೆ ಮಕ್ಕಳನ್ನು ಕರೆದೊಯ್ಯಲು ಭದ್ರಾವತಿ, ಶಿವಮೊಗ್ಗಗಳಿಂದಲೂ ರಾತ್ರಿ ಬಸ್ಸು ಹತ್ತುವವರಿದ್ದಾರೆ. ತಪ್ಪೇನಿಲ್ಲ, ಕಲೆ ಇರುವ ಮಗುವಿಗೆ ವೇದಿಕೆ ಬೇಕು. ಆದರೆ ಆ ವೇದಿಕೆಯಿಂದ ಇಳಿದುಬರುವ ದಾರಿಯೂ ಮಗುವಿಗೆ ತೆರೆದಿರಬೇಕು. ಇಳಿದ ಮಗುವನ್ನು ಸೋತದ್ದೆಂದು ಮನೆಯವರೇ ನೋಡಿದರೆ, ಹತ್ತನೆಯ ವಯಸ್ಸಿನ ಗೆಲುವು ಇಪ್ಪತ್ತನೆಯ ವಯಸ್ಸಿಗೆ ಹೊರೆಯಾಗುತ್ತದೆ. ಮಂಜುನಾಥ್ ಅವರಿಗೆ ಆಗುಂಬೆಯ ದಿನಗಳು ಸಿಹಿಯಾಗಿ ಉಳಿದಿರುವುದಕ್ಕೆ, ಆ ದಿನಗಳೇ ಬದುಕಿನ ಕೊನೆಯ ಗೆಲುವಾಗದಂತೆ ಅವರು ನೋಡಿಕೊಂಡದ್ದೂ ಒಂದು ಕಾರಣವಿರಬೇಕು.

ಮಲೆನಾಡಿನ ಕಥೆಗೆ ಬಾಲಕರು ಜೀವ ತುಂಬಿದ್ದು ಇದೇ ಮೊದಲೇನೂ ಅಲ್ಲ. ‘ಸ್ವಾಮಿ’ಗಿಂತ ಹತ್ತು ವರ್ಷ ಮೊದಲು, 1977ರಲ್ಲಿ, ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ ಬಂದಿತ್ತು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರಾದ ಯು.ಆರ್. ಅನಂತಮೂರ್ತಿಯವರ ಕಥೆ. ಅದರಲ್ಲಿ ನಾಣಿಯ ಪಾತ್ರ ಮಾಡಿದ ಅಜಿತ್ ಕುಮಾರ್ ಅವರಿಗೂ ರಾಷ್ಟ್ರ ಪ್ರಶಸ್ತಿ ಬಂತು. ನಾಣಿ ನೋಡಿದ ಲೋಕ ಕ್ರೂರವಾದದ್ದು, ಸ್ವಾಮಿ ನೋಡಿದ್ದು ನಗೆಯ ಲೋಕ. ಹಿರಿಯರ ಪ್ರಪಂಚವನ್ನು ಕೆಳಗಿನಿಂದ ತಲೆಯೆತ್ತಿ ನೋಡುವ ಕಣ್ಣು ಮಾತ್ರ ಎರಡರಲ್ಲೂ ಒಂದೇ. ಮಕ್ಕಳು ಈ ಎರಡನ್ನೂ ನೋಡಬೇಕು, ಘಟಶ್ರಾದ್ಧವನ್ನು ಸ್ವಲ್ಪ ದೊಡ್ಡವರಾದ ಮೇಲೆ.

ಕಾಲ ಯಾರಿಗೂ ಕಾಯಲಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ನಡೆದ ಅಪಘಾತದಲ್ಲಿ ಶಂಕರ್ ನಾಗ್ ತೀರಿಕೊಂಡರು. ಆಗ ಅವರಿಗಿನ್ನೂ ಮೂವತ್ತಾರು ತುಂಬಿರಲಿಲ್ಲ. ಅವರ ಸ್ವಾಮಿಗೆ ಹದಿಮೂರು. ಅನಂತ್ ನಾಗ್ ‘ನನ್ನ ತಮ್ಮ ಶಂಕರ’ ಎಂಬ ಪುಸ್ತಕ ಬರೆದು ತಮ್ಮ ದುಃಖಕ್ಕೂ ತಮ್ಮನ ಉತ್ಸಾಹಕ್ಕೂ ಒಂದು ದಾಖಲೆ ಉಳಿಸಿದರು. 2001ರಲ್ಲಿ ನಾರಾಯಣ್, 2010ರಲ್ಲಿ ವೈಶಾಲಿ, 2015ರಲ್ಲಿ ಲಕ್ಷ್ಮಣ್, 2019ರಲ್ಲಿ ಕಾರ್ನಾಡ್ ಹೊರಟುಹೋದರು. ಸ್ವಾಮಿಯ ಮನೆಯ ಹಿರಿಯರೆಲ್ಲ ಒಬ್ಬೊಬ್ಬರಾಗಿ ಎದ್ದುಹೋದಂತೆ ಆಯಿತು. ಆ ದಿನಗಳನ್ನು ಕಂಡು ಹೇಳಬಲ್ಲವರು ಕಡಿಮೆಯಾದಷ್ಟೂ, ಅಂದಿನ ಹುಡುಗನ ನೆನಪಿಗೆ ಬೆಲೆ ಹೆಚ್ಚುತ್ತದೆ.

ಆ ನೆನಪಿಗೆ ಈಗ ಒಂದು ನೆಲೆಯೂ ಇದೆ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ಮಾರ್ಗದಲ್ಲಿ ಕುಂಸಿಯ ನಂತರ ಅರಸಾಳು ಎಂಬ ನಿಲ್ದಾಣವಿದೆ. ಧಾರಾವಾಹಿಯ ರೈಲು ನಿಲ್ದಾಣದ ದೃಶ್ಯಗಳಿಗೆ ಮಾಲ್ಗುಡಿ ನಿಲ್ದಾಣವಾಗಿ ನಿಂತದ್ದು ಅದೇ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದು ಹಳೆಯ ಕಟ್ಟಡ ಪಾಳು ಬಿದ್ದಿತ್ತು. ರೈಲ್ವೆಯವರು 2020ರಲ್ಲಿ ಅದನ್ನು ದುರಸ್ತಿ ಮಾಡಿಸಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿಸಿದರು. ಆ ಕೆಲಸಕ್ಕೂ ಜಾನ್ ದೇವರಾಜ್ ಅವರೇ ಬಂದರು.

ಪರೀಕ್ಷೆ ಮುಗಿದ ಒಂದು ಭಾನುವಾರ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಹೊರಡುವ ಮೊದಲು ಕಾದಂಬರಿಯ ಕೊನೆಯ ಅಧ್ಯಾಯವನ್ನು ಒಟ್ಟಿಗೆ ಕುಳಿತು ಓದಿ. ಮುನಿಸಿಕೊಂಡ ಗೆಳೆಯ ರಾಜಂ ಊರು ಬಿಟ್ಟು ಹೊರಟಿದ್ದಾನೆ, ರೈಲು ಚಲಿಸತೊಡಗಿದೆ, ಸ್ವಾಮಿ ಒಂದು ಪುಸ್ತಕ ಹಿಡಿದುಕೊಂಡು ಓಡಿಬಂದಿದ್ದಾನೆ. ಪುಸ್ತಕವೇನೋ ರಾಜಂನ ಕೈ ಸೇರುತ್ತದೆ. ಮುನಿಸು ಕರಗಿತೋ ಇಲ್ಲವೋ ಎಂಬುದನ್ನು ನಾರಾಯಣ್ ಹೇಳುವುದಿಲ್ಲ. ಅರಸಾಳಿನ ಪ್ಲಾಟ್‌ಫಾರಂ ಮೇಲೆ ನಿಂತಾಗ ನಿಮ್ಮ ಮಗ ಅಥವಾ ಮಗಳನ್ನೇ ಕೇಳಿ ನೋಡಿ: ‘ರಾಜಂ ಕ್ಷಮಿಸಿರಬಹುದೇ?’ ಈ ಪ್ರಶ್ನೆಗೆ ಅಂಕವಿಲ್ಲ. ಉತ್ತರ ಕೇಳಲು ಮಾತ್ರ ನಿಮಗೆ ಪುರುಸೊತ್ತಿರಲಿ.