ನಡುಬೀದಿಗೂ ಬರಲಿ ಆ ಹೆಸರು



ಹಾಸ್ಟೆಲ್ ಅರ್ಜಿಯಲ್ಲಿ ವಿಳಾಸ ಬರೆಯುವಾಗ ನಮ್ಮ ಕೈ ಒಂದು ಗಳಿಗೆ ತಡೆಯುತ್ತದೆ. ಹೊಲಗೇರಿ. ಮಾದಿಗರ ಕೇರಿ. ಎ.ಕೆ. ಕಾಲೋನಿ. ಯಾರೂ ಬಾಯಿಬಿಟ್ಟು ಜಾತಿ ಕೇಳಬೇಕಾಗಿಲ್ಲ, ಬೀದಿಯ ಹೆಸರೇ ಹೇಳಿಬಿಡುತ್ತೆ. ಈ ಹೆಸರು ಇಟ್ಟವರು ನಾವಲ್ಲ. ಊರು ಕರೆಯಿತು, ಸರ್ಕಾರ ಬರೆದುಕೊಂಡಿತು.

2020ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ಮಹಾರವಾಡ, ಮಾಂಗವಾಡದಂಥ ಹೆಸರುಗಳನ್ನು ತೆಗೆದು ಸಮತಾನಗರ, ಭೀಮನಗರ ಎಂದು ಕರೆಯಲು ತೀರ್ಮಾನಿಸಿತು. 2025ರಲ್ಲಿ ತಮಿಳುನಾಡು ಸರ್ಕಾರವೂ ಬೀದಿಗಳ ಜಾತಿ ಹೆಸರು ತೆಗೆಯಲು ಆದೇಶ ಹೊರಡಿಸಿತು. ಒಳ್ಳೆಯದೇ. ಆದರೆ ಬಾಬಾಸಾಹೇಬರ ಹೆಸರು ಕೇರಿಯಲ್ಲಷ್ಟೇ ಉಳಿದರೆ ಏನಾಗುತ್ತೆ? ‘ಅಂಬೇಡ್ಕರ್ ನಗರ’ ಅಂದ ಕೂಡಲೇ ‘ಓ, ಅವರಾ’ ಅಂತಾರೆ. ಹಳೇ ಗುರುತಿಗೆ ಹೊಸ ಅಂಗಿ, ಅಷ್ಟೇ.

ಅದೇ ಹೆಸರು ಕೇರಿ ದಾಟಿದರೆ? 1978ರಲ್ಲಿ ಮರಾಠವಾಡ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರ್ ಹೆಸರಿಡಲು ನಿರ್ಣಯವಾಯಿತು. ದಲಿತರ ಮನೆಗಳಿಗೆ ಬೆಂಕಿ ಬಿತ್ತು, ಹೆಣಗಳು ಉರುಳಿದವು. ಹೆಸರು ಬಂದದ್ದು 1994ರಲ್ಲಿ. ಹದಿನಾರು ವರ್ಷ! ಹೆಸರಿಗೆ ಬೆಲೆಯೇ ಇಲ್ಲ ಅನ್ನುವವರು ಹೇಳಲಿ, ಮತ್ತೆ ಬೆಂಕಿ ಯಾಕೆ ಹಚ್ಚಿದಿರಿ?

ಬೆಂಗಳೂರಲ್ಲಿ ವಿಧಾನಸೌಧದ ಮುಂದಿನ ರಸ್ತೆ ಅಂಬೇಡ್ಕರ್ ವೀಧಿ. ರಾಜಧಾನಿಯಲ್ಲಿ ಆದದ್ದು ನಮ್ಮೂರ ನಡುಬೀದಿಯಲ್ಲಿ ಯಾಕಾಗಲ್ಲ?

ರಜಕ್ಕೆ ಊರಿಗೆ ಹೋದಾಗ ಸುಮ್ಮನೆ ಕೂರಬೇಡಿ. ಪಂಚಾಯ್ತಿಗೆ, ಪುರಸಭೆಗೆ ಅರ್ಜಿ ಬರೆಯಿರಿ. ಕೇರಿಗೆ ಯಾವ ಹೆಸರು ಅನ್ನೋದನ್ನ ಕೇರಿಯವರೇ ಹೇಳಲಿ. ಬೋರ್ಡಿನ ಜೊತೆ ನಲ್ಲಿ, ದೀಪ, ಚರಂಡಿ, ಹಕ್ಕುಪತ್ರ ಬರಲಿ. ಬಾಬಾಸಾಹೇಬರ ಹೆಸರು ಊರ ನಡುಬೀದಿಯಲ್ಲಿ ನಿಲ್ಲಲಿ. ಆ ಬೀದಿಯಲ್ಲಿ ನಮ್ಮ ಅವ್ವ ಚಪ್ಪಲಿ ಮೆಟ್ಟಿ ನಡೆಯಲಿ.

ಜೈ ಭೀಮ್.